ಕಾಣದ ಗುಮಾಸ್ತ

'ವರ್ಚುಯಲ್ ಅಸಿಸ್ಟೆಂಟ್' ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕೆಂಬುದು ಇನ್ನೂ ಇತ್ಯರ್ಥವಾದಂತಿಲ್ಲ. ಪ್ರೌಢಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಕನ್ನಡಿಯೊಳಗೆ ಕಾಣುವ ಬಿಂಬವನ್ನು ಮಿಥ್ಯಾ ಪ್ರತಿಬಿಂಬವೆಂದು ಕರೆದಿರುವುದನ್ನು ನಾವೆಲ್ಲ ಓದಿದ್ದೇವೆ. ಆ ದಾರಿಯಲ್ಲೇ ನಡೆದರೆ ಈತನನ್ನು 'ಮಿಥ್ಯಾ ಸಹಾಯಕ'ನೆನ್ನಬೇಕಾಗುತ್ತದೆ. ತಿಂಗಳ ಕೊನೆಗೆ ನಿಜವಾದ ಸಂಬಳವನ್ನು ಪಡೆಯುವ ಮನುಷ್ಯನಿಗೆ ಈ ಹೆಸರು ಒಪ್ಪುವುದಿಲ್ಲ. ಇರುವುದು ಒಂದೂರು, ಕೆಲಸ ಮಾಡುವುದು ಇನ್ನೊಂದೂರಿನವರಿಗೆ. ನಡುವೆ ಇರುವುದು ಒಂದು ಕಂಪ್ಯೂಟರು, ಒಂದು ಫೋನು, ಇಂಟರ್ನೆಟ್ಟಿನ ತಂತು. ಇಷ್ಟನ್ನು ಬಿಟ್ಟರೆ ಇವನು ಹಿಂದಿನ ಮಂಡಿಗಳಲ್ಲಿ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುತ್ತಿದ್ದ ಗುಮಾಸ್ತನೇ. ಆದುದರಿಂದ ನಾನು 'ಕಾಣದ ಗುಮಾಸ್ತ'ನೆಂದೇ ಬರೆಯುತ್ತೇನೆ. ಮೊಬೈಲಿನೊಳಗೆ ಕುಳಿತು ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುವ ಯಂತ್ರಗಳನ್ನೂ ಈ ಇಂಗ್ಲಿಷ್ ಹೆಸರಿನಿಂದಲೇ ಕರೆಯುವುದುಂಟು; ನನ್ನ ವಿಷಯ ಅವಲ್ಲ.

ಅರ್ಥಶಾಸ್ತ್ರ ಓದುವ ಹುಡುಗನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಮೈಸೂರಿನಲ್ಲಿರುವ ನನ್ನ ಸೋದರಮಾವ ಸೈಟು, ಮನೆ, ಜಮೀನುಗಳನ್ನು ಕೊಡಿಸುವ ದಳ್ಳಾಳಿ ವ್ಯಾಪಾರದಲ್ಲಿದ್ದಾರೆ. ಅರ್ಥಶಾಸ್ತ್ರ ಓದಿದವನಿಗೆ ವ್ಯಾಪಾರವೆಲ್ಲ ತಿಳಿದಿರುತ್ತದೆಂಬ ಭ್ರಾಂತಿ ಅವರಿಗುಂಟು. ಕಳೆದ ಬೇಸಗೆಯ ರಜೆಯಲ್ಲಿ, ಒಬ್ಬ ದೂರದ ಸಹಾಯಕನನ್ನು ಹುಡುಕಿಕೊಡೆಂದು ನನ್ನನ್ನು ಕೂರಿಸಿಕೊಂಡರು. ಆ ಎರಡು ತಿಂಗಳಲ್ಲಿ ನಾನು ಕಂಡುಕೊಂಡ ಸಂಗತಿಗಳು ನಮ್ಮ ಕಾಲೇಜಿನ ಮಿತ್ರರಿಗೆ ಎರಡು ಬಗೆಯಲ್ಲಿ ಉಪಯೋಗಕ್ಕೆ ಬಂದಾವು: ಮುಂದೆ ಇಂಥವರನ್ನು ಕೆಲಸಕ್ಕೆ ಇಟ್ಟುಕೊಳ್ಳುವವರಿಗೊಂದು, ಇಂಥ ಕೆಲಸಕ್ಕೆ ತಾವೇ ಹೋಗುವವರಿಗೊಂದು. ನಮ್ಮಲ್ಲಿ ಎರಡನೆಯವರೇ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ.

ಆಸ್ತಿಯ ವ್ಯಾಪಾರದಲ್ಲಿ ಈ ಪದ್ಧತಿ ಬಲವಾಗಿ ಬೇರೂರಿದುದು ಅಮೆರಿಕಾದಲ್ಲಿ. ಅಲ್ಲಿಯ ಮನೆ ದಳ್ಳಾಳಿಗಳು ಫಿಲಿಪೀನ್ಸ್ ದೇಶದ ತರುಣ ತರುಣಿಯರನ್ನು ಸಹಾಯಕರನ್ನಾಗಿ ಇಟ್ಟುಕೊಳ್ಳುವುದು ಸಾಮಾನ್ಯ. ೧೮೯೮ರಿಂದ ೧೯೪೬ರವರೆಗೆ ಆ ದ್ವೀಪಗಳು ಅಮೆರಿಕಾದ ಅಧೀನದಲ್ಲಿದ್ದು, ಇಂಗ್ಲಿಷು ಅಲ್ಲಿಯ ಶಾಲೆಗಳಲ್ಲಿ ಊರಿಕೊಂಡಿತು. ನ್ಯೂಯಾರ್ಕಿನಲ್ಲಿ ಬೆಳಗಾದಾಗ ಮನಿಲಾದಲ್ಲಿ ರಾತ್ರಿ. ಹನ್ನೆರಡು ಹದಿಮೂರು ಗಂಟೆಗಳ ಅಂತರ. ರಾತ್ರಿಯೆಲ್ಲ ಎಚ್ಚರವಿದ್ದು ಇನ್ನೊಂದು ಖಂಡದ ಮನೆಗಳ ಚಿತ್ರಗಳನ್ನು ಜೋಡಿಸುತ್ತಾ, ಗಿರಾಕಿಗಳಿಗೆ ಉತ್ತರ ಬರೆಯುತ್ತಾ ಅವರು ಸಂಸಾರ ಸಾಗಿಸುತ್ತಾರೆ. ಆದರೆ ಅಲ್ಲಿ ಒಂದು ಗೆರೆಯುಂಟು. ಮನೆ ಮಾರಿಸುವ ದಳ್ಳಾಳಿಗೆ ಅಲ್ಲಿಯ ಪ್ರತಿಯೊಂದು ರಾಜ್ಯವೂ ಪರವಾನಗಿ ಕೊಡುತ್ತದೆ. ಪರವಾನಗಿಯಿಲ್ಲದ ಸಹಾಯಕ ಕಾಗದಪತ್ರ ನೋಡಿಕೊಳ್ಳಬಹುದೇ ಹೊರತು ಬೆಲೆಯ ಚೌಕಾಶಿಗೆ ಇಳಿಯಕೂಡದು.

ಈ ಗೆರೆ ನಮ್ಮಲ್ಲಿಯೂ ಇದೆಯೆಂಬುದು ಎಷ್ಟೋ ದಳ್ಳಾಳಿಗಳಿಗೆ ತಿಳಿಯದು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಮಾವನವರ ದಿನಚರಿಯನ್ನು ನೋಡೋಣ.

ಬೆಳಗ್ಗೆ ಏಳಕ್ಕೇ ಅವರ ಫೋನು ಕೂಗಲು ಮೊದಲಾಗುತ್ತದೆ. ಸೈಟು ಎಷ್ಟು ಅಡಿ, ಯಾವ ದಿಕ್ಕಿನದು, ಖಾತೆ ಆಗಿದೆಯೆ, ಬ್ಯಾಂಕಿನವರು ಸಾಲ ಕೊಡುತ್ತಾರೆಯೆ, ಕೊನೆಯ ಬೆಲೆ ಎಷ್ಟು? ಇದೇ ಪ್ರಶ್ನೆಗಳನ್ನು ದಿನಕ್ಕೆ ಮೂವತ್ತು ಜನ ಕೇಳುತ್ತಾರೆ. ಅವರಲ್ಲಿ ಕೊಳ್ಳುವ ಮನಸ್ಸುಳ್ಳವರು ಇಬ್ಬರಿದ್ದರೆ ಹೆಚ್ಚು. ಯಾರು ಯಾವಾಗ ಕೇಳಿದರು, ಯಾರಿಗೆ ಏನು ಹೇಳಿದೆ ಎಂಬುದು ಮಾವನವರ ತಲೆಯಲ್ಲೂ, ಜೇಬಿನ ಚೀಟಿಗಳಲ್ಲೂ, ಡೈರಿಯ ಅಂಚಿನಲ್ಲೂ ಚೆದರಿಹೋಗಿತ್ತು. ಜಾಗ ತೋರಿಸಲು ಸ್ಕೂಟರಿನ ಮೇಲೆ ಹೋಗುತ್ತಿರುವಾಗ ಬಂದ ಕರೆಗಳಂತೂ ಗಾಳಿಗೇ ಹೋದುವು. ಈ ವ್ಯಾಪಾರದಲ್ಲಿ ಒಮ್ಮೆ ಕೇಳಿ ಉತ್ತರ ಸಿಕ್ಕದವನು ಎರಡನೆಯ ಬಾರಿ ಕೇಳುವುದಿಲ್ಲ; ಪಕ್ಕದ ದಳ್ಳಾಳಿಯ ಬಳಿ ಹೋಗುತ್ತಾನೆ.

ನಾನು ಒಂದು ವಾರ ಅವರ ಜೊತೆಯಲ್ಲೇ ತಿರುಗಿ, ಅವರು ಮಾಡುವ ಕೆಲಸವನ್ನೆಲ್ಲ ಗಂಟೆಗಂಟೆಗೂ ಬರೆದಿಟ್ಟುಕೊಂಡೆ. ಆ ಬರವಣಿಗೆಯಿಂದ ಹೊರಟ ಅಂಶ ಸರಳ. ಈ ಕಸುಬಿನಲ್ಲಿ ಅರ್ಧ ಕೆಲಸ ಮಣ್ಣಿನದು, ಅರ್ಧ ಕೆಲಸ ಕಾಗದದ್ದು. ಜಾಗದ ಮೇಲೆ ನಿಂತು ಕಲ್ಲು ನೋಡುವುದು, ನೆರೆಯವರನ್ನು ಮಾತನಾಡಿಸುವುದು, ಮಾರುವವನ ಮುಖ ಓದುವುದು, ಉಪನೋಂದಣಿ ಕಚೇರಿಯಲ್ಲಿ ಪಕ್ಕದಲ್ಲಿ ನಿಲ್ಲುವುದು ಇವು ಮಣ್ಣಿನ ಕೆಲಸ, ದೂರದಿಂದ ಆಗತಕ್ಕವಲ್ಲ. ವಿಚಾರಿಸಿದವರ ಹೆಸರುಪಟ್ಟಿ, ಜಾಹೀರಾತು, ನೋಡಲು ಬರುವವರ ವೇಳಾಪಟ್ಟಿ, ಪಹಣಿ, ಋಣಭಾರ ಪತ್ರ, ಹಳೆಯ ಕ್ರಯಪತ್ರಗಳನ್ನು ತೆಗೆದು ಜೋಡಿಸುವುದು ಇವೆಲ್ಲ ಕಾಗದದ ಕೆಲಸ. ಪಹಣಿಗಳನ್ನು ಸರ್ಕಾರ 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿ ಎರಡು ದಶಕಗಳೇ ಕಳೆದಿವೆ; ನೋಂದಣಿ ಇಲಾಖೆಯ 'ಕಾವೇರಿ ೨.೦' ೨೦೨೩ರಲ್ಲಿ ಬಂದಿತು. ಕಚೇರಿಯ ಕಟಕಟೆಯ ಮುಂದೆ ನಿಂತು ಪಡೆಯಬೇಕಾಗಿದ್ದ ಎಷ್ಟೋ ಪತ್ರಗಳು ಈಗ ಯಾವ ಊರಿನಲ್ಲಿ ಕುಳಿತರೂ ಕೈಗೆ ಬರುತ್ತವೆ. ಕಾಣದ ಗುಮಾಸ್ತನಿಗೆ ನಮ್ಮ ನಾಡಿನಲ್ಲಿ ಎಡೆಯಾದುದು ಹೀಗೆ.

ಮಾವನವರಿಗೆ ಮೊದಮೊದಲು ಇದು ರುಚಿಸಲಿಲ್ಲ. "ಅಲ್ಲ ಕಣೋ, ಮುಖಾನೇ ನೋಡ್ದೆ ಇರೋರ್ನ ನಂಬೋದು ಹ್ಯಾಗೋ?" ಎಂದರು. ಸಮಂಜಸವಾದ ಪ್ರಶ್ನೆಯೇ. ನಂಬಿಕೆಯಿಂದ ಆರಂಭಿಸದೆ, ಪರೀಕ್ಷೆಯಿಂದ ಆರಂಭಿಸೋಣವೆಂದೆ.

ಮೂರು ಜನ ಮುಂದೆ ಬಂದರು. ಮೂವರಿಗೂ ಒಂದು ವಾರದ ಕೂಲಿ ಕೊಟ್ಟು ಒಂದೇ ಕೆಲಸ ವಹಿಸಿದೆವು. ಪುಕ್ಕಟೆಯಾಗಿ ಪರೀಕ್ಷೆ ಮಾಡುವ ಪದ್ಧತಿ ಕೆಲವರಲ್ಲಿದೆ. ಅದು ಸರಿಯಲ್ಲ, ಒಳ್ಳೆಯವರು ಅದಕ್ಕೆ ನಿಲ್ಲುವುದೂ ಇಲ್ಲ. ಮೊದಲನೆಯವನು ಹೊರರಾಜ್ಯದವನು. ಇಂಗ್ಲಿಷಿನಲ್ಲಿ ಅವನು ಬರೆದ ಜಾಹೀರಾತು ಬಲು ಸೊಗಸಾಗಿತ್ತು, ಆದರೆ ಪಹಣಿಯನ್ನು ಕಳುಹಿಸಿದಾಗ ಅದರ ಚಿತ್ರವನ್ನು ಅಂದವಾಗಿ ಕತ್ತರಿಸಿ ಹಿಂದಕ್ಕೆ ಕಳುಹಿಸಿದ. ಎರಡನೆಯವನು ತಿಂಗಳಿಗೆ ಐದು ಸೈಟು ಮಾರಿಸಿಕೊಡುತ್ತೇನೆಂದು ಭರವಸೆ ಕೊಟ್ಟ. ನಾವು ಕೇಳಿದ ಪಟ್ಟಿಯನ್ನು ಮಾತ್ರ ಕೊಡಲಿಲ್ಲ. ಮೂರನೆಯವರು ಅರಸೀಕೆರೆಯ ಕಡೆಯ ಒಬ್ಬ ಮಹಿಳೆ, ಇತಿಹಾಸದಲ್ಲಿ ಬಿ.ಎ. ಮಾಡಿದವರು, ಮಗು ಚಿಕ್ಕದಾದ್ದರಿಂದ ಹೊರಗೆ ಕೆಲಸಕ್ಕೆ ಹೋಗಲಾರದವರು. ಆಕೆ ಕಳುಹಿಸಿದ ಪಟ್ಟಿಯ ಕೊನೆಯಲ್ಲಿ ನಾಲ್ಕು ಪ್ರಶ್ನೆಗಳಿದ್ದುವು. ಅವುಗಳಲ್ಲಿ ಒಂದು, "ಸರ್, ಈ ಸರ್ವೆ ನಂಬರಿನ ಒಂಬತ್ತನೆಯ ಕಾಲಮ್ಮಿನಲ್ಲಿ ಮೂವರ ಹೆಸರು ಜಂಟಿಯಾಗಿದೆ. ಮಾರುತ್ತಿರುವವರು ಒಬ್ಬರೇ ಅಲ್ಲವೆ?" ಮಾವ ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ನೋಡಿದರು. ಆಯ್ಕೆ ಅಲ್ಲಿಗೇ ಮುಗಿಯಿತು.

ಪ್ರಶ್ನೆ ಕೇಳಬಲ್ಲ ಈ ಗುಣಕ್ಕೇ ನಾನು ಹೆಚ್ಚಿನ ಬೆಲೆ ಕಟ್ಟುತ್ತೇನೆ. ಗಿರಾಕಿಗೆ ನಯವಾಗಿ ಉತ್ತರ ಬರೆದುಕೊಡುವ ಕೆಲಸವನ್ನು ಇಂದು ಯಂತ್ರವೇ ಮಾಡುತ್ತದೆ. ಆದರೆ ಯಂತ್ರಕ್ಕೆ ಸಂಶಯ ಹುಟ್ಟುವುದು ಅಪರೂಪ. ಗೊತ್ತಿಲ್ಲದಿದ್ದರೂ ಗೊತ್ತಿರುವ ಧಾಟಿಯಲ್ಲೇ ಹೇಳಿಬಿಡುತ್ತದೆ.

ಇನ್ನು ಸಂಬಳದ ಮಾತು. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ ೧೨,೦೦೦ ರೂಪಾಯಿ ಎಂದು ಗೊತ್ತಾಯಿತು. ಮಾವನವರ ಮೊದಲ ಎಣಿಕೆ ಬೇರೆಯಾಗಿತ್ತು: "ಸಂಬಳ ಯಾಕೆ? ಸೈಟು ಹೋದ್ರೆ ಕಮಿಷನ್ನಲ್ಲಿ ಇಷ್ಟು ಅಂತ ಕೊಟ್ಬಿಡೋಣ." ವ್ಯಾಪಾರಿಗೆ ಇದು ಸಹಜವಾದ ಲೆಕ್ಕ, ಆದರೆ ನಾನು ಆಗಲೆ ಹೇಳಿದ ಗೆರೆ ಇರುವುದು ಇಲ್ಲಿಯೇ. ೨೦೧೬ರ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, ಜನರ ಬಾಯಲ್ಲಿ 'ರೇರಾ', ನೋಂದಾಯಿತ ಬಡಾವಣೆ ಅಥವಾ ಕಟ್ಟಡದ ನಿವೇಶನ, ಮನೆಗಳನ್ನು ಮಾರಿಸಿಕೊಡುವ ಮಧ್ಯವರ್ತಿಯು ತಾನೂ ನೋಂದಾಯಿಸಿಕೊಂಡಿರಬೇಕೆಂದು ವಿಧಿಸಿದೆ. ಮಧ್ಯವರ್ತಿಯೆಂದರೆ ಯಾರು? ಇನ್ನೊಬ್ಬರ ಪರವಾಗಿ ಮಾತುಕತೆ ನಡೆಸಿ, ಅಥವಾ ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಪರಿಚಯಿಸಿ, ಅದಕ್ಕಾಗಿ ಪ್ರತಿಫಲ ಪಡೆಯುವವರೆಲ್ಲರೂ. ಯಾವ ಹೆಸರಿನಿಂದ ಕರೆದರೂ ಸರಿಯೆ. ನನಗೆ ತೋರುವಂತೆ, ಸಹಾಯಕಿ ಬೆಲೆಯ ಮಾತನ್ನಾಡಿ ಮಾರಾಟದಲ್ಲಿ ಪಾಲು ಪಡೆದರೆ ಆಕೆಯೂ ಈ ವ್ಯಾಖ್ಯೆಯೊಳಗೆ ಬೀಳುವ ಸಂಭವವುಂಟು. ನೋಂದಣಿಯಿಲ್ಲದೆ ನಡೆದರೆ ದಿನಕ್ಕೆ ೧೦,೦೦೦ ರೂಪಾಯಿಯಂತೆ ದಂಡ, ಮಾರಾಟವಾದ ಆಸ್ತಿಯ ಬೆಲೆಯ ಶೇಕಡ ೫ರವರೆಗೂ ಅದು ಏರಬಹುದು. ಮನೆಯಲ್ಲಿ ಕುಳಿತು ಹನ್ನೆರಡು ಸಾವಿರ ದುಡಿಯುವ ಹೆಣ್ಣುಮಗಳನ್ನು ಈ ತೊಡಕಿಗೆ ಒಡ್ಡುವುದು ನ್ಯಾಯವೆ? ಅಲ್ಲದೆ, ಮಾರಾಟದ ಮೇಲೆ ಹೊಟ್ಟೆ ನಡೆಯುವವರು ಕಾಗದದಲ್ಲಿ ಕಂಡ ಹುಳುಕನ್ನು ಎತ್ತಿ ಹೇಳುವುದು ಕಷ್ಟ. ಮಾವ ಒಪ್ಪಿದರು, ಸಂಬಳವೇ ನಿಂತಿತು. ಹಣದ ಮಾತನ್ನು, ಮುಂಗಡದ ಮಾತನ್ನು, ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಆಕೆ ಯಾರೊಡನೆಯೂ ಎತ್ತಕೂಡದು. ಕೇಳಿದವರಿಗೆ, "ಅದನ್ನ ಸರ್ ಅವರೇ ಹೇಳ್ತಾರೆ" ಎನ್ನತಕ್ಕದ್ದು ಎಂದು ಗೊತ್ತುಮಾಡಿದೆವು.

ಇದರ ಪ್ರಯೋಜನ ಎರಡನೆಯ ತಿಂಗಳಲ್ಲಿಯೇ ಕಂಡಿತು. ನಂಜನಗೂಡಿನ ಕಡೆಯ ಒಂದು ಜಮೀನು ಮಾರಾಟಕ್ಕೆ ಬಂದಿತ್ತು. ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಯ ೭೯-ಎ, ೭೯-ಬಿ ಪ್ರಕರಣಗಳನ್ನು ತೆಗೆದುಹಾಕಿದ ಮೇಲೆ ಬೇಸಾಯಗಾರರಲ್ಲದವರೂ ಸಾಗುವಳಿ ಜಮೀನು ಕೊಳ್ಳಲು ಮುಂದೆ ಬರುತ್ತಿದ್ದಾರೆ. ಇಲ್ಲಿಯೂ ಕೊಳ್ಳಬಂದವರು ನಿವೃತ್ತಿಯ ಹಣವನ್ನು ಕೈಯಲ್ಲಿ ಹಿಡಿದಿದ್ದ ಒಬ್ಬ ಶಾಲಾ ಉಪಾಧ್ಯಾಯರು. ಮಾರುವವರ ಮಾತಿನ ಪ್ರಕಾರ ಜಮೀನು ೧ ಎಕರೆ ೧೨ ಗುಂಟೆ. ಬೆಲೆ ಗುಂಟೆಗೆ ಇಷ್ಟೆಂದು. ಕಾಗದಗಳನ್ನು ಜೋಡಿಸುವಾಗ ಸಹಾಯಕಿ ಮಾವನಿಗೆ ಫೋನು ಮಾಡಿದರು. "ಸರ್, ಪಹಣಿಯಲ್ಲಿ ಮೂರು ಗುಂಟೆ 'ಬ' ಖರಾಬು ಅಂತ ಇದೆ. ಉಳಿಯೋದು ಒಂದು ಎಕರೆ ಒಂಬತ್ತು ಗುಂಟೆ. ೧೯೬೮ರ ಕ್ರಯಪತ್ರದ ಚಕ್ಕುಬಂದಿಯಲ್ಲೂ ಮೂಡಲಿಗೆ ಹಳ್ಳ ಅಂತಲೇ ಬರೆದಿದೆ."

ವಿಷಯ ಅರಿಯದವರಿಗಾಗಿ ಹೇಳುವುದಾದರೆ, ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಗುಂಟೆ ೧,೦೮೯ ಚದರ ಅಡಿ. ಸಾಗುವಳಿಗೆ ಬಾರದ ನೆಲ ಖರಾಬು. ಅದರಲ್ಲಿ 'ಅ' ಖರಾಬು ಬಂಡೆ, ಕಟ್ಟಡ ಮೊದಲಾದವುಗಳಿಂದ ಉಳುಮೆಗೆ ಒದಗದ ಭಾಗ. 'ಬ' ಖರಾಬು ಹಳ್ಳ, ದಾರಿ ಮೊದಲಾದ ಸಾರ್ವಜನಿಕರ ಭಾಗ, ಮಾರುವವರ ಸೊತ್ತಲ್ಲ. ಮೂರು ಗುಂಟೆಯೆಂದರೆ ೩,೨೬೭ ಚದರ ಅಡಿ. ಮೂವತ್ತು ನಲವತ್ತರ ಸೈಟಿನ ಲೆಕ್ಕದಲ್ಲಿ ಎರಡೂವರೆ ಸೈಟಿಗೂ ಮೀರಿದ ಜಾಗ.

ಮರುದಿನ ಮಾವನವರ ಜೊತೆ ನಾನೂ ಜಮೀನಿಗೆ ಹೋದೆ. ಮೂಡಲ ಬದಿಯಲ್ಲಿ ಹಳ್ಳ ಕಾಣಿಸಲಿಲ್ಲ. ಸಮನಾದ ಮಣ್ಣು, ಅದರಾಚೆ ತಂತಿ ಬೇಲಿ. ಬೇಲಿಯ ಹೊರಗೆ ದನ ಮೇಯಿಸುತ್ತಿದ್ದ ಒಬ್ಬ ಮುದುಕರನ್ನು ಮಾವ, "ಏನ್ ಯಜಮಾನ್ರೇ, ಮಳೆ ನೀರು ಯಾವ್ ಕಡೆ ಹರೀತದೆ ಇಲ್ಲಿ?" ಎಂದು ಕೇಳಿದರು. "ಮೊದ್ಲು ಈಗ ನೀವ್ ನಿಂತಿರೋ ಜಾಗದಲ್ಲೇ ಹರೀತಿತ್ತು ಬುದ್ಧಿ, ಮುಚ್ಬುಟ್ರು," ಎಂದರು ಆತ. ಅರಸೀಕೆರೆಯಲ್ಲಿ ಕುಳಿತು ಕಾಗದದಲ್ಲಿ ಕಂಡ ಹಳ್ಳ, ನೆಲದ ಮೇಲೆ ನಿಂತ ನಮಗೆ ಕಂಡಿರಲಿಲ್ಲ. ಆದರೆ ಅದನ್ನು ಮುಚ್ಚಿದ್ದಾರೆಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಮಾವ ಆ ಸಂಜೆಯೇ ಉಪಾಧ್ಯಾಯರಿಗೆ ಇದ್ದುದನ್ನು ಇದ್ದಂತೆ ತಿಳಿಸಿದರು. ಅಳತೆಯಾಗಿ, ಹಳ್ಳದ ಜಾಗ ಹೊರಗುಳಿಯದ ಹೊರತು ಮುಂಗಡ ಕೊಡುವುದಿಲ್ಲವೆಂದು ಅವರು ನಿಂತರು. ಮಾರುವವರು ಮುನಿಸಿಕೊಂಡು ಬೇರೆ ದಳ್ಳಾಳಿಯನ್ನು ಹುಡುಕಿಕೊಂಡು ಹೋದರು. ಮಾವನಿಗೆ ಆ ಕಮಿಷನ್ ಬರಲಿಲ್ಲ. ಸಹಾಯಕಿಗೆ ಆ ತಿಂಗಳ ಸಂಬಳ ತಾರೀಖಿಗೆ ಸರಿಯಾಗಿ ಹೋಯಿತು.

ಇನ್ನು ಬೀಗದ ಕೈಗಳ ವಿಚಾರ. ಹಿಂದಿನ ಗುಮಾಸ್ತನ ಕೈಗೆ ಗಲ್ಲಾಪೆಟ್ಟಿಗೆಯ ಬೀಗವನ್ನು ಯಾರೂ ಮೊದಲ ದಿನವೇ ಕೊಡುತ್ತಿರಲಿಲ್ಲ. ಇಂದಿನ ದಳ್ಳಾಳಿಗಳು ಮಾತ್ರ ಇಮೇಲಿನ ಪಾಸ್‌ವರ್ಡು, ಬ್ಯಾಂಕಿನ ಒ.ಟಿ.ಪಿ. ಎಲ್ಲವನ್ನೂ ಒಂದೇ ಸಂದೇಶದಲ್ಲಿ ಕಳುಹಿಸಿಬಿಡುತ್ತಾರೆ. ಇದು ಕೂಡದು. ಕೆಲಸಕ್ಕೆ ಬೇಕಾದ ಕಡತಗಳನ್ನು ಬೇರೆಯ ಒಂದು ಕಪಾಟಿನಲ್ಲಿಟ್ಟು ಅದನ್ನಷ್ಟೇ ತೆರೆದುಕೊಡುವ ಅನುಕೂಲ ಇಂದಿನ ಎಲ್ಲ ಸೌಕರ್ಯಗಳಲ್ಲಿಯೂ ಉಂಟು. ವಾಟ್ಸಪ್ಪಿನಲ್ಲಿ ಒಂದೇ ಸಂಖ್ಯೆಯನ್ನು ಇನ್ನೊಂದು ಯಂತ್ರಕ್ಕೆ ಜೋಡಿಸಿಕೊಡಬಹುದು, ಬೇಡವಾದಾಗ ಕಡಿದುಹಾಕಬಹುದು. ಆಗ ಗಿರಾಕಿಗೆ ಬರೆಯುವವರು ಮಾವನೇ ಎಂದು ಗಿರಾಕಿ ತಿಳಿಯುತ್ತಾನಷ್ಟೆ? ಹಾಗಾಗದಂತೆ ಆಕೆ ಪ್ರತಿಯೊಂದು ಉತ್ತರದ ಮೊದಲಲ್ಲಿ ತಮ್ಮ ಹೆಸರನ್ನು ಹೇಳಿಕೊಳ್ಳುತ್ತಾರೆ. ಇದು ನನ್ನ ಸಲಹೆಯಲ್ಲ, ಆಕೆಯದೇ ಷರತ್ತು.

ಜನರು ದಳ್ಳಾಳಿಯನ್ನು ನಂಬಿ ಆಧಾರ್, ಪ್ಯಾನ್ ಪತ್ರಗಳ ಪ್ರತಿಗಳನ್ನು ಕಳುಹಿಸುತ್ತಾರೆ. ಅವು ದೂರದ ಯಾರದೋ ಕಂಪ್ಯೂಟರಿನಲ್ಲಿ ಉಳಿದುಕೊಳ್ಳಬಾರದು. ೨೦೨೩ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಬಿದ್ದು ಹಂತಹಂತವಾಗಿ ಜಾರಿಗೆ ಬರತಕ್ಕವಾಗಿವೆ. ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿದರೂ ಹೊಣೆ ಮಾಡಿಸಿದವನದೇ ಎಂಬುದು ಅದರ ತಾತ್ಪರ್ಯ. "ನಮ್ಮ ಹುಡುಗಿ ಕಳುಹಿಸಿಬಿಟ್ಟಳು" ಎಂದು ಕೈತೊಳೆದುಕೊಳ್ಳುವಂತಿಲ್ಲ.

ಒಂದು ಸಣ್ಣ ಪುಸ್ತಕವೂ ಬೇಕು. ಗಿರಾಕಿಗಳು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ದಳ್ಳಾಳಿಯೇ ಉತ್ತರ ಬರೆದು, ಬರೆದ ತಾರೀಖು ಹಾಕಿ ಕೊಡಬೇಕು. ತಾರೀಖು ಏಕೆಂದರೆ, ಕರ್ನಾಟಕದಲ್ಲಿ ಕ್ರಯಪತ್ರದ ನೋಂದಣಿ ಶುಲ್ಕ ಶೇಕಡ ೧ ಇದ್ದುದು ೨೦೨೫ರ ಆಗಸ್ಟ್ ೩೧ರಿಂದ ಶೇಕಡ ೨ ಆಯಿತು. ನಲವತ್ತು ಲಕ್ಷದ ಮನೆಗೆ ಇದರಿಂದ ಬೀಳುವ ಹೆಚ್ಚಳ ನಲವತ್ತು ಸಾವಿರ ರೂಪಾಯಿ. ಹಳೆಯ ಪುಸ್ತಕ ನೋಡಿ ಹಳೆಯ ದರ ಹೇಳಿದರೆ, ಸಾಲ ಮಾಡಿ ಲೆಕ್ಕ ಕೂಡಿಸಿಕೊಂಡು ಬಂದವನು ನೋಂದಣಿಯ ದಿನ ಯಾರ ಮುಖ ನೋಡಬೇಕು? ಮಾವನವರ ಪುಸ್ತಕವನ್ನು ಈಗ ಪ್ರತಿ ತಿಂಗಳ ಮೊದಲನೆಯ ಸೋಮವಾರ ಇಬ್ಬರೂ ಫೋನಿನಲ್ಲಿ ಕೂಡಿ ಓದುತ್ತಾರೆ.

ಈ ಕೆಲಸದ ಮೇಲೆ ಕಣ್ಣಿಡುವ ನಮ್ಮ ಮಿತ್ರರಿಗೆ ಎರಡು ಮಾತು. ಇಂಗ್ಲಿಷು ಬಾರದೆಂದೋ, ವಾಣಿಜ್ಯ ಓದಲಿಲ್ಲವೆಂದೋ ಅಂಜಬೇಕಾಗಿಲ್ಲ. ಅಂದವಾದ ಇಂಗ್ಲಿಷು ಬರೆಯುವವರು ಪ್ರಪಂಚದಲ್ಲೆಲ್ಲ ಸಿಕ್ಕುತ್ತಾರೆ. ೧೯೬೮ರ ಕ್ರಯಪತ್ರದ ಮೋಡಿ ಅಕ್ಷರಗಳಂತಿರುವ ಕನ್ನಡವನ್ನು ಬಿಡಿಸಿ, 'ಇದರ ಚಕ್ಕುಬಂದಿ' ಎಂದು ಆರಂಭವಾಗುವ ಉದ್ದನೆಯ ವಾಕ್ಯದಲ್ಲಿ ಮೂಡಲು ಯಾವುದು, ಪಡುವಲು ಯಾವುದು ಎಂದು ಗುರುತು ಹಿಡಿಯುವವರು ಮನಿಲಾದಲ್ಲಿಲ್ಲ, ಬೆಂಗಳೂರಿನ ದೊಡ್ಡ ಕಚೇರಿಗಳಲ್ಲೂ ಅಪರೂಪ. ಕನ್ನಡವನ್ನೂ ಇತಿಹಾಸವನ್ನೂ ಓದಿದವರಿಗೆ ಹಳೆಯ ಪತ್ರವನ್ನು ತಾಳ್ಮೆಯಿಂದ ಓದುವ ಅಭ್ಯಾಸ ಆಗಲೆ ಇರುತ್ತದೆ. ಬೇಕಾದುದು ಕಂದಾಯದ ಪರಿಭಾಷೆ. ಹಿಸ್ಸೆ, ಪೋಡಿ, ಆಕಾರಬಂದು, ಮ್ಯುಟೇಶನ್ ಎಂಬ ಮಾತುಗಳನ್ನು ಒಬ್ಬ ಗ್ರಾಮ ಲೆಕ್ಕಿಗರನ್ನೋ ಸರ್ವೆಯವರನ್ನೋ ಕೇಳಿ ಒಂದು ವಾರದಲ್ಲಿ ಕಲಿಯಬಹುದು. ಋಣಭಾರ ಪತ್ರದಲ್ಲಿ ನಮೂನೆ ೧೫ ಎಂದರೆ ಆ ಅವಧಿಯಲ್ಲಿ ವ್ಯವಹಾರ ನಡೆದಿದೆಯೆಂದೂ, ನಮೂನೆ ೧೬ ಎಂದರೆ ಯಾವುದೂ ಇಲ್ಲವೆಂದೂ ತಿಳಿದಿರಲಿ. ಆದರೆ 'ಇಲ್ಲ' ಎಂಬುದು ಕೇಳಿದ ಅವಧಿಗೆ ಮಾತ್ರ. ಹಳೆಯ ಕಾಲದ ದಾಖಲೆಗಳು ಕಂಪ್ಯೂಟರಿನಲ್ಲಿ ಸಿಕ್ಕದಿದ್ದರೆ ಕಚೇರಿಯಲ್ಲೇ ಹುಡುಕಿಸಬೇಕು; ಹಾಗೆಂದು ಯಜಮಾನನಿಗೆ ಹೇಳುವುದೂ ಗುಮಾಸ್ತನ ಕೆಲಸವೇ.

ಅಭ್ಯಾಸಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಜಮೀನಿರುವ ಮನೆಯವರು ತಮ್ಮ ಮನೆಯದೇ ಪಹಣಿಯನ್ನು ತೆಗೆದು, ತಂದೆಯವರನ್ನೋ ಅಜ್ಜನವರನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಓದಲಿ. ಹನ್ನೊಂದನೆಯ ಕಾಲಮ್ಮಿನಿಂದ ಆರಂಭಿಸಿದರೆ ಒಳ್ಳೆಯದು. ಸಾಲ, ಅಡಮಾನ, ಇತರರ ಹಕ್ಕುಗಳು ಬರುವುದು ಅದರಲ್ಲಿ; ಹೆಚ್ಚಿನವರು ನೋಡದೆ ಬಿಡುವುದೂ ಅದನ್ನೇ.